ಬೆಳ್ಳಕ್ಕಿ ಎಲ್ಲಿಂದ ನೋಡುತ್ತದೆ, ಕ್ಯಾಮೆರಾ ಎಲ್ಲಿಂದ ನೋಡಬೇಕು?

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ನೀರಿನ ತೊಟ್ಟಿಯ ಮೇಲೆ ಕ್ಯಾಮೆರಾ ಇಟ್ಟು, ಮೀನು ಎಷ್ಟು ಆಳದಲ್ಲಿದೆ ಎಂದು ಕಂಡುಹಿಡಿದು, ಒಂದು ಸಣ್ಣ ರೋಬೋಟ್ ಕೈಯಿಂದ ಅದರ ಪಕ್ಕಕ್ಕೇ ಆಹಾರ ಬಿಡುವುದು ನಮ್ಮ ಪ್ರಾಜೆಕ್ಟ್. ನೀರಿನಲ್ಲಿ ಬೆಳಕು ಬಾಗುವುದರಿಂದ ಕೈ ಪ್ರತಿ ಸಲ ತಪ್ಪು ಜಾಗಕ್ಕೆ ಹೋಗುತ್ತದೆ. ಬೆಳ್ಳಕ್ಕಿ, ಬಕಗಳಿಗೆ ಈ ತೊಂದರೆ ಇಲ್ಲವಲ್ಲ? ಅವುಗಳ ಕಣ್ಣಿನಲ್ಲಿ ವಿಶೇಷ ಲೆನ್ಸ್ ಇದೆಯೇ? ಅದನ್ನು ನೋಡಿ ಯಾರಾದರೂ ಏನಾದರೂ ತಯಾರಿಸಿದ್ದಾರೆಯೇ? ನಾವೂ ಹಾಗೆ ಮಾಡಬಹುದೇ?

ಉತ್ತರ: ಲೆನ್ಸ್‌ನಿಂದಲೇ ಶುರು ಮಾಡೋಣ. ಬೆಳ್ಳಕ್ಕಿಯ ಕಣ್ಣಿನಲ್ಲಿ ನೀರಿನ ತಪ್ಪನ್ನು ತಿದ್ದುವ ಲೆನ್ಸ್ ಇಲ್ಲ. ಗುರಿ ಇಡುವಾಗ ಅದರ ಕಣ್ಣು ಗಾಳಿಯಲ್ಲೇ ಇರುತ್ತದೆ, ನಮ್ಮ ಕಣ್ಣಿನ ಹಾಗೆ. ಬೆಳಕು ಬಾಗುವುದು ಕಣ್ಣಿನಿಂದ ದೂರದಲ್ಲಿ, ನೀರಿನ ಮೇಲ್ಮೈಯಲ್ಲಿ. ಕಣ್ಣಿಗೆ ಬಂದು ಸೇರುವ ಹೊತ್ತಿಗೆ ಆ ಬೆಳಕು ಎಷ್ಟು ಬಾಗಿ ಬಂದಿತು ಎಂಬ ಗುರುತು ಅದರಲ್ಲಿ ಉಳಿದಿರುವುದಿಲ್ಲ. ಮೀನು ಎಷ್ಟು ಆಳದಲ್ಲಿದೆ, ನೋಟ ಎಷ್ಟು ಓರೆಯಾಗಿದೆ ಎಂಬುದರ ಮೇಲೆ ತಪ್ಪು ಬದಲಾಗುತ್ತಲೇ ಇರುತ್ತದೆ. ಒಂದು ಗಾಜಿನ ತುಂಡು ಅದನ್ನೆಲ್ಲ ತಿದ್ದಲಾರದು. ಆದ್ದರಿಂದ ಲೆನ್ಸ್ ನಕಲು ಮಾಡುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ.

ಹಾಗಾದರೆ ಹಕ್ಕಿ ಮೀನು ಹಿಡಿಯುವುದು ಹೇಗೆ? ತನ್ನ ಕಣ್ಣನ್ನು ಎಲ್ಲಿಗೆ ತಂದು ನಿಲ್ಲಿಸಬೇಕು ಎಂಬುದು ಅದಕ್ಕೆ ಗೊತ್ತು. ಕಣ್ಣು, ಕತ್ತು, ಕಾಲು ಮೂರೂ ಸೇರಿ ಅದರ ನೋಟ ಆಗುತ್ತದೆ. ನೀವು ಆ ಹಕ್ಕಿಯಿಂದ ಕಲಿಯಬೇಕಾದದ್ದು ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಯಾಕೆ ಎಂದು ಹೇಳುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 1.33. ನೆತ್ತಿಯ ಮೇಲಿನಿಂದ ನೇರ ಕೆಳಗೆ ನೋಡಿದರೆ 40 ಸೆಂಟಿಮೀಟರ್ ಆಳದ ಮೀನು 30 ಸೆಂಟಿಮೀಟರ್ ಆಳದಲ್ಲಿ ಇದ್ದ ಹಾಗೆ ಕಾಣುತ್ತದೆ. ನಾಲ್ಕರಲ್ಲಿ ಮೂರು ಪಾಲು. ಇದನ್ನು ಶಾಲೆಯಲ್ಲೇ ಓದಿರುತ್ತೀರಿ, ಅಲ್ವಾ? ಕಷ್ಟ ಶುರುವಾಗುವುದು ಓರೆಯಾಗಿ ನೋಡಿದಾಗ. ನೋಟದ ಗೆರೆ ಲಂಬದಿಂದ 45 ಡಿಗ್ರಿ ಓರೆಯಾದರೆ ಅದೇ ಮೀನು ಸುಮಾರು 25 ಸೆಂಟಿಮೀಟರ್ ಆಳದಲ್ಲಿ ಕಾಣುತ್ತದೆ. 60 ಡಿಗ್ರಿ ಓರೆಯಾದರೆ ಸುಮಾರು 20. ಅಂದರೆ ನಿಜವಾದ ಆಳದ ಅರ್ಧ. ನೀರಂಚಿನಲ್ಲಿ ನಿಂತ ಬಕ ಮೀನನ್ನು ನೋಡುವುದು ಸಾಮಾನ್ಯವಾಗಿ ಇಂಥ ಓರೆ ನೋಟದಲ್ಲೇ. ಕಂಡ ಕಡೆಗೇ ಕೊಕ್ಕು ಹಾಕಿದರೆ ಅದು ಮೀನಿನ ಮೇಲಿಂದ ಹಾದು ಹೋಗುತ್ತದೆ. ಎರಡನೇ ಅವಕಾಶಕ್ಕೆ ಮೀನು ಕಾಯುವುದಿಲ್ಲ.

ಇದನ್ನು ಇಸ್ರೇಲಿನ ಗಾಡಿ ಕಟ್ಜಿರ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಅಳೆದು ನೋಡಿದರು. 1987ರಲ್ಲಿ ರೀಫ್ ಹೆರಾನ್ ಎಂಬ ಕಡಲಂಚಿನ ಬಕದ ಮೇಲೆ, 1991ರಲ್ಲಿ ಸಣ್ಣ ಬೆಳ್ಳಕ್ಕಿಯ ಮೇಲೆ ಅವರ ಅಧ್ಯಯನಗಳು ಬಂದವು. ನೀರಿನೊಳಗೆ ಗೊತ್ತಾದ ಆಳದಲ್ಲಿ ಬೇಟೆ ಇಟ್ಟು, ಹಕ್ಕಿ ಎರಗುವುದನ್ನು ಕ್ಯಾಮೆರಾದಲ್ಲಿ ಹಿಡಿದು, ಒಂದೊಂದು ಚಿತ್ರದಲ್ಲೂ ಕಣ್ಣು ಎಲ್ಲಿದೆ ಎಂದು ಗುರುತು ಹಾಕಿದರು.

ಅವರು ಕಂಡದ್ದು ಹೀಗಿದೆ. ಹಕ್ಕಿ ಎರಗುವುದು ಎರಡು ಹಂತದಲ್ಲಿ. ಮೊದಲು ತಲೆಯನ್ನು ಬೇಟೆಯ ಕಡೆಗೆ ಸ್ವಲ್ಪ ನಿಧಾನವಾಗಿ ಒಯ್ಯುತ್ತದೆ. ಒಂದು ಬಿಂದು ಬಂದ ತಕ್ಷಣ ವೇಗ ಒಮ್ಮೆಗೇ ಏರುತ್ತದೆ, ಕೊಕ್ಕು ಈಟಿಯ ಹಾಗೆ ನೀರಿಗೆ ನುಗ್ಗುತ್ತದೆ. ಈ ಎರಡರ ನಡುವಿನ ಬಿಂದುವನ್ನು ಎರಗುವ ಮುಂಚಿನ ಬಿಂದು ಎನ್ನೋಣ. ಗುಟ್ಟು ಇರುವುದೇ ಅಲ್ಲಿ. ಆ ಬಿಂದುವಿನಲ್ಲಿ ನಿಂತು ನೋಡಿದರೆ, ಕಾಣುವ ಆಳಕ್ಕೂ ನಿಜವಾದ ಆಳಕ್ಕೂ ನಡುವೆ ಒಂದು ಸರಳ ಸಂಬಂಧ ಇತ್ತು. ಒಂದು ನೇರ ಗೆರೆಯ ಸಂಬಂಧ. ಎಲ್ಲಿಂದ ಬೇಕಾದರೂ ನೋಡಿದರೆ ಆ ಸಂಬಂಧ ವಕ್ರವಾಗಿ, ಗೋಜಲಾಗಿ ಇರುತ್ತದೆ. ಆಯ್ದ ಜಾಗದಿಂದ ನೋಡಿದರೆ ಅದು ಸರಳವಾಗುತ್ತದೆ. ಗುರಿ ತಪ್ಪಿದ ಹೊಡೆತಗಳನ್ನು ನೋಡಿದಾಗ, ಆ ಸಲ ತಲೆ ಇರಬೇಕಾದ ಜಾಗದಿಂದ ಅತ್ತಿತ್ತ ಸರಿದಿತ್ತು.

ನಾನು ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಕಷ್ಟದ ಲೆಕ್ಕ ಮಾಡುವ ಬದಲು, ಲೆಕ್ಕ ಸುಲಭವಾಗುವ ಜಾಗಕ್ಕೆ ಹಕ್ಕಿ ತಲೆಯನ್ನು ಒಯ್ಯುತ್ತದೆ. ನಾವು ಬಕಧ್ಯಾನ ಎಂದು ಬೇರೆ ಅರ್ಥದಲ್ಲಿ ಹೇಳಿಕೊಂಡು ಬಂದಿದ್ದೇವೆ. ಆ ಧ್ಯಾನದ ಹೊತ್ತಿನಲ್ಲಿ ನಡೆಯುವುದು ಇಷ್ಟು ನಿಖರವಾದ ಕೆಲಸ.

ಇನ್ನೊಂದು ವಿವರ ನಿಮಗೆ ಖಂಡಿತ ಇಷ್ಟವಾಗುತ್ತದೆ. ಅದೇ ತಂಡ 1999ರಲ್ಲಿ ಗೋವಕ್ಕಿಯನ್ನೂ ಪರೀಕ್ಷಿಸಿತು. ಗೋವಕ್ಕಿ ಬೆಳ್ಳಕ್ಕಿಯ ಹತ್ತಿರದ ನೆಂಟ, ನೋಡಲೂ ಹಾಗೇ. ಆದರೆ ಅದು ದನಗಳ ಹಿಂದೆ ಓಡಾಡಿಕೊಂಡು ಹುಲ್ಲಿನಲ್ಲಿ ಹುಳು, ಮಿಡತೆ ಹಿಡಿಯುವ ಹಕ್ಕಿ. ನೀರೊಳಗಿನ ಬೇಟೆಯ ವಿಷಯಕ್ಕೆ ಬಂದಾಗ ಅದು ಉಳಿದ ಬಕಗಳಿಗಿಂತ ಜಾಸ್ತಿ ಸಲ ಗುರಿ ತಪ್ಪಿತು. ಒಂದೇ ಕುಟುಂಬದ ಹಕ್ಕಿಯಾದರೂ, ಬೇಟೆಯ ಜಾಗ ಬೇರೆಯಾದ್ದರಿಂದ ಕೈಚಳಕವೂ ಬೇರೆ. ಯಾವ ಜೀವಿಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು ಎಂದು ಆರಿಸುವಾಗ ಹೊರಗಿನ ರೂಪ ನೋಡಿ ಮೋಸಹೋಗಬಾರದು. ಅದು ದಿನವಿಡೀ ಯಾವ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಈಗ, ಇದನ್ನು ನೋಡಿ ಯಾರಾದರೂ ಏನಾದರೂ ಮಾಡಿದ್ದಾರಾ ಎಂಬ ಮಾತಿಗೆ ಬರುತ್ತೇನೆ. ಇಲ್ಲಿ ನಿಮಗೆ ನಿಜ ಹೇಳಬೇಕು. ಜೀವಿಗಳನ್ನು ನೋಡಿ ಮಾಡಿದ ವಿನ್ಯಾಸ ಎಂದರೆ ಎಲ್ಲರೂ ಮಿಂಚುಳ್ಳಿ ಮತ್ತು ಜಪಾನಿನ ಬುಲೆಟ್ ರೈಲಿನ ಕತೆ ಹೇಳುತ್ತಾರೆ. ಅದು ನಿಜವಾದ ಕತೆಯೇ. ಇಂಜಿನಿಯರ್ ಎಯಿಜಿ ನಕಾತ್ಸು ಹಕ್ಕಿಗಳನ್ನು ಗಮನಿಸುವ ಹವ್ಯಾಸದವರು. 1997ರಲ್ಲಿ ಓಡಲು ಶುರುಮಾಡಿದ 500 ಸರಣಿಯ ಶಿಂಕಾನ್‌ಸೆನ್ ಬುಲೆಟ್ ರೈಲಿನ ಉದ್ದ ಮೂತಿಗೆ ಮಿಂಚುಳ್ಳಿಯ ಕೊಕ್ಕು ಮಾದರಿಯಾಯಿತು. ಆದರೆ ಅದು ಆಕಾರದ ನಕಲು. ನೋಟದ ವಿಷಯ ಅಷ್ಟು ಸಲೀಸಲ್ಲ. ನೀರಿನ ಮೇಲಿಂದ ಕೆಳಗಿನದನ್ನು ಅಳೆಯುವ ಯಂತ್ರಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲು ಬೆಳ್ಳಕ್ಕಿಯನ್ನು ನೋಡಿ ಹುಟ್ಟಿದವಲ್ಲ, ಭೌತಶಾಸ್ತ್ರದ ಸೂತ್ರದಿಂದ ಹುಟ್ಟಿದವು. ಆಮೇಲೆ ಹಕ್ಕಿಯ ಹೆಸರು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 2018ರಲ್ಲಿ ನಾಸಾ ಹಾರಿಸಿದ ಐಸ್‌ಸ್ಯಾಟ್-2 ಉಪಗ್ರಹ ಹಸಿರು ಲೇಸರ್ ಬೆಳಕನ್ನು ಭೂಮಿಯತ್ತ ಬಿಟ್ಟು, ಅದು ವಾಪಸ್ ಬರಲು ಹಿಡಿದ ಸಮಯದಿಂದ ಎತ್ತರ ಅಳೆಯುತ್ತದೆ. ಹಿಮದ ಎತ್ತರ ಅಳೆಯಲು ಮಾಡಿದ್ದು. ತಿಳಿನೀರಿದ್ದ ಕಡೆ ಹತ್ತಿರ ಹತ್ತಿರ 40 ಮೀಟರ್ ಆಳದ ಸಮುದ್ರದ ತಳವೂ ಅದಕ್ಕೆ ಸಿಗುತ್ತದೆ. ಇಲ್ಲಿ ತಪ್ಪು ಉಲ್ಟಾ ಆಗುತ್ತದೆ, ನೋಡಿ. ನೀರಿನಲ್ಲಿ ಬೆಳಕು ನಿಧಾನವಾಗಿ ಚಲಿಸುವುದರಿಂದ ವಾಪಸ್ ಬರುವುದು ತಡವಾಗುತ್ತದೆ, ತಳ ಇರುವುದಕ್ಕಿಂತ ಆಳದಲ್ಲಿ ಇದ್ದ ಹಾಗೆ ತೋರುತ್ತದೆ. ಕಣ್ಣಿಗೆ ಮೇಲೆ ಕಾಣುವುದು, ಲೇಸರ್‌ಗೆ ಕೆಳಗೆ ಕಾಣುತ್ತದೆ! ಎರಡಕ್ಕೂ ಕಾರಣ ಅದೇ 1.33. ನೀವು ಮುಂದೆ ಕ್ಯಾಮೆರಾ ಬದಲು ಲೇಸರ್ ದೂರಮಾಪಕ ಬಳಸಿದರೆ ಇದು ನೆನಪಿರಲಿ. ತಿದ್ದುಪಡಿಯ ದಿಕ್ಕೇ ಬದಲಾಗುತ್ತದೆ.

ಬೆಳ್ಳಕ್ಕಿಯ ದಾರಿಗೆ ನಿಜಕ್ಕೂ ಹತ್ತಿರ ಇರುವುದು ರೋಬೋಟ್ ನೋಟದ ಒಂದು ವಿಚಾರಧಾರೆ. 1988ರಲ್ಲಿ ರುಜೆನಾ ಬೈಚಿ ಎಂಬ ವಿಜ್ಞಾನಿ ಸಕ್ರಿಯ ಗ್ರಹಿಕೆ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಸಿಕ್ಕ ಚಿತ್ರವನ್ನು ಕೂತಲ್ಲೇ ವಿಶ್ಲೇಷಣೆ ಮಾಡುತ್ತಾ ಕೂರುವುದಕ್ಕಿಂತ, ಬೇಕಾದ ಮಾಹಿತಿ ಸಿಗುವ ಕಡೆಗೆ ಕ್ಯಾಮೆರಾವನ್ನೇ ಸರಿಸಬೇಕು ಎಂಬುದು ಅದರ ಸಾರ. ನಾವೂ ಹಾಗೇ ತಾನೇ? ಗಾಜಿನ ಮೇಲೆ ಬಿಸಿಲು ಹೊಳೆದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡುತ್ತೇವೆ.

ಹೊಳಪಿನ ಮಾತು ಬಂತು. ನಿಮ್ಮ ತೊಟ್ಟಿಗೂ ಈ ತೊಂದರೆ ಇದ್ದೇ ಇರುತ್ತದೆ, ಪತ್ರದಲ್ಲಿ ಬರೆದಿಲ್ಲ ಅಷ್ಟೆ. ನೀರಿನ ಮೇಲೆ ನೇರ ಬಿದ್ದ ಬೆಳಕಿನಲ್ಲಿ ವಾಪಸ್ ಪ್ರತಿಫಲಿಸುವುದು ಸುಮಾರು ಶೇಕಡಾ 2 ಮಾತ್ರ. 60 ಡಿಗ್ರಿ ಓರೆಯಲ್ಲಿ ಅದು ಸುಮಾರು 6 ಆಗುತ್ತದೆ. 80 ಡಿಗ್ರಿಯಲ್ಲಿ ಮೂರನೇ ಒಂದು ಪಾಲು ದಾಟುತ್ತದೆ. ಆಗ ನೀರು ಕನ್ನಡಿಯಾಗುತ್ತದೆ, ಒಳಗಿನ ಮೀನು ಮಾಯ.

1973ರಲ್ಲಿ ಕ್ರೆಬ್ಸ್ ಮತ್ತು ಪಾರ್ಟ್ರಿಜ್ ಉತ್ತರ ಅಮೆರಿಕದ ದೊಡ್ಡ ನೀಲಿ ಬಕದ ಮೇಲೆ ಒಂದು ಸಣ್ಣ, ಸೊಗಸಾದ ಅಧ್ಯಯನ ಪ್ರಕಟಿಸಿದರು. ಆ ಬಕ ಬೇಟೆಯಾಡುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ. ಯಾಕೆ? ಸೂರ್ಯ ಇರುವ ದಿಕ್ಕಿಗೂ ಆ ವಾಲುವಿಕೆಗೂ ನಂಟಿದೆ ಎಂದು ಅವರು ತೋರಿಸಿದರು. ತಲೆ ವಾಲಿಸಿದಾಗ ನೀರಿನ ಮೇಲಿನ ಬಿಸಿಲಿನ ಹೊಳಪು ನೋಟದ ಗೆರೆಯಿಂದ ಪಕ್ಕಕ್ಕೆ ಸರಿಯುತ್ತದೆ. ಆಫ್ರಿಕಾದ ಕಪ್ಪು ಬಕ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಎರಡೂ ರೆಕ್ಕೆಗಳನ್ನು ಮುಂದಕ್ಕೆ ಬಾಗಿಸಿ ತಲೆಯ ಸುತ್ತ ಕೊಡೆಯ ಹಾಗೆ ಹಿಡಿಯುತ್ತದೆ. ನೆರಳಿನ ಒಳಗೆ ನಿಂತು ಮೀನು ನೋಡುತ್ತದೆ. ಆ ನೆರಳಿಗೆ ಮೀನುಗಳೂ ಬರುತ್ತವೆ ಎಂದು ಕೆಲವರು ಹೇಳುತ್ತಾರೆ. ಹೊಳಪು ತಗ್ಗುವುದಂತೂ ಖಚಿತ.

ನಾವು ಸಾಮಾನ್ಯವಾಗಿ ಮಾಡುವುದೇನು? ಕ್ಯಾಮೆರಾಗೆ ಪೋಲರೈಸಿಂಗ್ ಫಿಲ್ಟರ್ ಹಾಕುತ್ತೇವೆ. ಲಂಬದಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ನೀರಿನ ಪ್ರತಿಫಲನ ಪೂರ್ತಿ ಧ್ರುವೀಕೃತವಾಗಿರುತ್ತದೆ, ಅಂದರೆ ಆ ಬೆಳಕಿನ ಅಲೆಗಳೆಲ್ಲ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಅಲ್ಲಿ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ನೇರ ಕೆಳಗೆ ನೋಡುವ ಕ್ಯಾಮೆರಾಗೆ ಅದರಿಂದ ಏನೂ ಲಾಭವಿಲ್ಲ. ಮೇಲಾಗಿ ಬರುವ ಬೆಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ನುಂಗಿಬಿಡುತ್ತದೆ. ತಲೆ ವಾಲಿಸುವುದಕ್ಕೆ, ಕೊಡೆ ಹಿಡಿಯುವುದಕ್ಕೆ ಒಂದು ಹನಿ ಬೆಳಕೂ ಖರ್ಚಾಗುವುದಿಲ್ಲ. ಕ್ಯಾಮೆರಾ ಸುತ್ತ ಒಂದು ಕಪ್ಪು ಬಟ್ಟೆಯ ಮರೆ ಕಟ್ಟಿ ನೋಡಿ. ನನ್ನ ಅನುಭವದಲ್ಲಿ ಬಹಳಷ್ಟು ಜನ ಸಾಫ್ಟ್‌ವೇರ್‌ನಲ್ಲಿ ವಾರಗಟ್ಟಲೆ ಹೊಳಪಿನ ಜೊತೆ ಗುದ್ದಾಡುತ್ತಾರೆ. ಅರ್ಧ ಗಂಟೆಯ ಹೊಲಿಗೆ ಕೆಲಸದಲ್ಲಿ ಅದು ಮುಗಿಯುತ್ತದೆ.

ಕಣ್ಣುಗಳು ತಲೆಯಲ್ಲಿ ಎಲ್ಲಿ ಕೂತಿವೆ ಎಂಬುದು ಮುಂದಿನ ವಿಷಯ. ಇದರ ಬಗ್ಗೆ ಗ್ರಹಾಂ ಮಾರ್ಟಿನ್ ಎಂಬ ಬ್ರಿಟಿಷ್ ವಿಜ್ಞಾನಿ ಜೀವಮಾನದ ಕೆಲಸ ಮಾಡಿದ್ದಾರೆ. 1994ರಲ್ಲಿ ಅವರು ಮತ್ತು ಕಟ್ಜಿರ್ ಸೇರಿ ಬಕಗಳ ನೋಟದ ಹರವನ್ನು ಅಳೆದರು. ಎರಡೂ ಕಣ್ಣಿಗೆ ಒಟ್ಟಿಗೆ ಕಾಣುವ ಭಾಗ ಅಗಲದಲ್ಲಿ ಕಿರಿದು. ಆದರೆ ಮೇಲಿನಿಂದ ಕೆಳಗೆ ತುಂಬಾ ಉದ್ದ. ಕೊಕ್ಕನ್ನು ನೆಲಕ್ಕೆ ಸಮನಾಗಿ ಚಾಚಿ ನಿಂತಿದ್ದರೂ ಬಕಕ್ಕೆ ಕೊಕ್ಕಿನ ಕೆಳಗಿನದು, ತನ್ನ ಕಾಲಿನ ಹತ್ತಿರದ್ದು ಕಾಣುತ್ತದೆ. ಅಪಾಯ ಬಂದಾಗ ಗುಪ್ಪಿ ಬಕ ಕೊಕ್ಕನ್ನು ಆಕಾಶಕ್ಕೆ ಎತ್ತಿ ಜೊಂಡಿನ ನಡುವೆ ಜೊಂಡಿನಂತೆಯೇ ನಿಲ್ಲುತ್ತದೆ. ಆಗಲೂ ಅದರ ಕಣ್ಣು ಎದುರಿನವರನ್ನೇ ನೋಡುತ್ತಿರುತ್ತದೆ, ಕೊಕ್ಕಿನ ಕೆಳಗಿನಿಂದ. ಕೊಕ್ಕು ನೋಟದೊಳಗೇ ಇರುವುದರಿಂದ ಬೇಟೆ ಎಲ್ಲಿದೆ, ತನ್ನ ತುದಿ ಎಲ್ಲಿದೆ ಎರಡನ್ನೂ ಒಂದೇ ಕಣ್ಣು ಒಂದೇ ಸಲ ನೋಡುತ್ತದೆ.

ನಿಮ್ಮ ಪ್ರಾಜೆಕ್ಟ್‌ಗೆ ಇದರ ಅರ್ಥ ಏನು? ಕ್ಯಾಮೆರಾವನ್ನು ತೊಟ್ಟಿಯ ಚೌಕಟ್ಟಿಗೆ ಕಟ್ಟಬೇಡಿ. ಕೈಗೇ ಕಟ್ಟಿ. ಆಹಾರ ಬಿಡುವ ತುದಿ ಚಿತ್ರದಲ್ಲಿ ಸದಾ ಕಾಣುತ್ತಿರಲಿ. ಕೈ ಸರಿದ ಹಾಗೆ ನೋಟವೂ ಸರಿಯುತ್ತದೆ, ತುದಿಗೂ ಗುರಿಗೂ ನಡುವಿನ ಅಂತರ ಪ್ರತಿ ಚಿತ್ರದಲ್ಲೂ ಸಿಗುತ್ತದೆ. ಕಾರ್ಖಾನೆಯ ರೋಬೋಟ್‌ಗಳಲ್ಲಿ ಈ ಜೋಡಣೆ ಹಳೆಯದು, ಚೆನ್ನಾಗಿ ಪಳಗಿದ್ದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನೀರಂಚಿನ ಎಲ್ಲ ಹಕ್ಕಿಗಳೂ ಕಣ್ಣಿನಿಂದಲೇ ಬೇಟೆಯಾಡುವುದಿಲ್ಲ. ವುಡ್‌ಕಾಕ್ ಎಂಬ ಹಕ್ಕಿ ಉದ್ದ ಕೊಕ್ಕನ್ನು ಮಣ್ಣಿಗೆ ತೂರಿಸಿ ಎರೆಹುಳು ಹುಡುಕುತ್ತದೆ. ಅದಕ್ಕೆ ಕೊಕ್ಕಿನ ತುದಿ ಕಾಣಬೇಕಾಗಿಲ್ಲ. ಹಾಗಾಗಿ ಅದರ ಕಣ್ಣುಗಳು ತಲೆಯ ಮೇಲೆ, ಹಿಂದಕ್ಕೆ ಸರಿದು ಕೂತಿವೆ. ತಲೆ ತಿರುಗಿಸದೆ ಸುತ್ತಲೂ 360 ಡಿಗ್ರಿ ನೋಡುತ್ತದೆ. ನಾಟ್ ಎಂಬ ಕಡಲತೀರದ ಹಕ್ಕಿಗೆ ಹಸಿ ಮರಳಿನಲ್ಲಿ ಹುದುಗಿದ ಚಿಪ್ಪುಜೀವಿ ಕೊಕ್ಕಿಗೆ ತಾಗುವ ಮುಂಚೆಯೇ ಗೊತ್ತಾಗುತ್ತದೆ. ಕೊಕ್ಕು ಒತ್ತಿದಾಗ ಮರಳಿನ ಕಣಗಳ ನಡುವಿನ ನೀರಿನಲ್ಲಿ ಒತ್ತಡ ಹರಡುತ್ತದೆ, ಗಟ್ಟಿ ವಸ್ತು ಇದ್ದ ಕಡೆ ಅದು ತಡೆಯುತ್ತದೆ, ತುದಿಯ ನರಗಳು ಅದನ್ನು ಹಿಡಿಯುತ್ತವೆ. ಇದು 1998ರಲ್ಲಿ ಪಿಯರ್ಸ್ಮಾ ಮತ್ತು ಸಂಗಡಿಗರು ಮುಂದಿಟ್ಟ ವಿವರಣೆ. ಅಮೆರಿಕದ ವುಡ್ ಸ್ಟಾರ್ಕ್ ಕೊಕ್ಕರೆ ಕೆಸರು ನೀರಿನಲ್ಲಿ ಕೊಕ್ಕು ತೆರೆದು ನಿಲ್ಲುತ್ತದೆ. ಮೀನು ತಾಗಿದ ಕೂಡಲೇ, ಸುಮಾರು 25 ಮಿಲಿಸೆಕೆಂಡಿನಲ್ಲಿ ಕೊಕ್ಕು ಮುಚ್ಚುತ್ತದೆ. ಕಣ್ಣು ಮಿಟುಕಿಸಲು ನಮಗೆ ಅದರ ಹಲವು ಪಟ್ಟು ಹೊತ್ತು ಬೇಕು. ನಿಮ್ಮ ತೊಟ್ಟಿಯ ನೀರು ರಾಡಿಯಾಗಿದ್ದರೆ ಕ್ಯಾಮೆರಾ ಬಿಟ್ಟು ಸ್ಪರ್ಶದ ಸಂವೇದಕದ ಕಡೆ ಯೋಚಿಸಿ. ಕಾಣದ ಕಡೆ ಹಕ್ಕಿಯೂ ಕಣ್ಣನ್ನು ನೆಚ್ಚಿಕೊಳ್ಳುವುದಿಲ್ಲ.

ಬಕ ಕದಲದೆ ನಿಲ್ಲುವುದರ ಬಗ್ಗೆಯೂ ಹೇಳಬೇಕು. ಗಾಳಿಗೆ ಕೊಂಬೆ ಏರಿಳಿಯುತ್ತಿರುತ್ತದೆ, ಮೇಲೆ ಕೂತ ಬಕದ ಮೈಯೂ ಏರಿಳಿಯುತ್ತದೆ, ತಲೆ ಮಾತ್ರ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ಅಲ್ಲೇ ಇರುತ್ತದೆ. ಉದ್ದ ಕತ್ತು ಎಲ್ಲ ಅಲುಗಾಟವನ್ನೂ ನುಂಗಿಕೊಳ್ಳುತ್ತದೆ. ಇದನ್ನೂ ಕಟ್ಜಿರ್ ತಂಡ ಕೂರುವ ಕೋಲನ್ನು ಅಲ್ಲಾಡಿಸಿ ಅಳೆದಿದೆ. ಉತ್ತರ ಅಮೆರಿಕದ ವೂಪಿಂಗ್ ಕ್ರೇನ್ ನಡೆದುಕೊಂಡು ಆಹಾರ ಹುಡುಕುವಾಗಲೂ ತಲೆಯನ್ನು ಸರಾಗವಾಗಿ ಮುಂದೆ ಒಯ್ಯುವುದಿಲ್ಲ. ತಲೆ ಒಂದು ಕಡೆ ನಿಂತಿರುತ್ತದೆ, ಮೈ ಮುಂದೆ ಬರುತ್ತದೆ, ಆಮೇಲೆ ತಲೆ ಚಕ್ಕನೆ ಮುಂದಕ್ಕೆ ಹೋಗಿ ಮತ್ತೆ ನಿಲ್ಲುತ್ತದೆ. ಹೀಗೆ ನಡೆಯುವ ಹೊತ್ತಿನಲ್ಲಿ ಕಮ್ಮಿಯೆಂದರೂ ಅರ್ಧದಷ್ಟು ಕಾಲ ನೋಟ ಸ್ಥಿರ. ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದಾಗ, ಸುತ್ತಲ ದೃಶ್ಯ ಸರಿಯದೇ ಇದ್ದುದರಿಂದ, ಅದು ತಲೆ ಆಡಿಸುವುದನ್ನೇ ನಿಲ್ಲಿಸಿತು ಎಂದು 1978ರಲ್ಲಿ ಬ್ಯಾರಿ ಫ್ರಾಸ್ಟ್ ತೋರಿಸಿದ್ದರು. ಅಂದರೆ ತಲೆ ಆಡುವುದು ಚಿತ್ರವನ್ನು ನಿಲ್ಲಿಸುವುದಕ್ಕೆ, ನಡಿಗೆಯ ತಾಳಕ್ಕಲ್ಲ.

ನೋಟ ನಿಂತರೆ ಏನು ಲಾಭ? ಹಿನ್ನೆಲೆ ಅಲ್ಲಾಡದಿದ್ದಾಗ ಅಲ್ಲಾಡುವುದು ಮೀನು ಮಾತ್ರ. ಇದನ್ನೇ ಬಳಸಿಕೊಳ್ಳುವ ಒಂದು ಬಗೆಯ ಸಂವೇದಕ ಇದೆ, ಇವೆಂಟ್ ಕ್ಯಾಮೆರಾ ಎನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಮಿಶಾ ಮಹೋವಾಲ್ಡ್ ಮತ್ತು ಕಾರ್ವರ್ ಮೀಡ್ ಕಟ್ಟಿದ ಸಿಲಿಕಾನ್ ರೆಟಿನಾ, ಅಂದರೆ ಕಣ್ಣಿನೊಳಗೆ ಬೆಳಕು ಹಿಡಿಯುವ ಪದರದ ಹಾಗೆ ಕೆಲಸ ಮಾಡುವ ಚಿಪ್, ಇದರ ಅಜ್ಜಿ. 2008ರಲ್ಲಿ ಜ್ಯೂರಿಕ್‌ನ ಟೋಬಿ ಡೆಲ್‌ಬ್ರುಕ್ ಅವರ ತಂಡ ಪ್ರಕಟಿಸಿದ ಸಂವೇದಕದಲ್ಲಿ 128 ಅಡ್ಡ, 128 ಉದ್ದದ ಬಿಂದುಗಳಿದ್ದವು. ಪ್ರತಿ ಬಿಂದುವೂ ತನ್ನಲ್ಲಿ ಬೆಳಕು ಬದಲಾದಾಗ ಮಾತ್ರ, ಮೈಕ್ರೋಸೆಕೆಂಡುಗಳಲ್ಲಿ, ಸುದ್ದಿ ಕಳಿಸುತ್ತದೆ. ಇಲ್ಲದಿದ್ದರೆ ಮೌನ. ಇದು ಕಣ್ಣಿನ ರೆಟಿನಾದಿಂದ ಬಂದ ಯೋಚನೆ, ಬಕದಿಂದ ಬಂದದ್ದಲ್ಲ. ಆದರೆ ಅಂಥ ಕ್ಯಾಮೆರಾವನ್ನು ಅಲುಗಾಡುವ ಚೌಕಟ್ಟಿಗೆ ಕಟ್ಟಿದರೆ ಎಲ್ಲ ಬಿಂದುಗಳೂ ಒಟ್ಟಿಗೆ ಕೂಗಾಡುತ್ತವೆ. ಬಕದ ಕತ್ತಿನ ಹಾಗೆ ಅಲುಗಾಟ ನುಂಗುವ ತೋಳಿಗೆ ಕಟ್ಟಿದರೆ ಈಜುವ ಮೀನು ಒಂದೇ ಎದ್ದು ಕಾಣುತ್ತದೆ. ಸಂವೇದಕ ಮತ್ತು ತೋಳು ಎರಡನ್ನೂ ಜೊತೆಗೇ ವಿನ್ಯಾಸ ಮಾಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಕ್ಕಿಯ ಕಣ್ಣಿನ ಒಳಗನ್ನೇ ನೋಡಿ ಮಾಡಿದ ಕ್ಯಾಮೆರಾವೂ ಇದೆ. 2024ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಪೆರೋವ್‌ಸ್ಕೈಟ್ ಎಂಬ ವಸ್ತುವಿನಿಂದ ಅದನ್ನು ಮಾಡಿದರು. ಹಕ್ಕಿಗಳ ರೆಟಿನಾದ ಆಳವಾದ ಗುಳಿ ನಡುವಿನ ಚಿತ್ರವನ್ನು ಹಿಗ್ಗಿಸುವ ಹಾಗೆ ಅದೂ ಮಾಡುತ್ತದೆ. ಹಕ್ಕಿಗಳ ಹಾಗೆ ನೇರಳಾತೀತ ಬೆಳಕನ್ನೂ ಸೇರಿಸಿ ನಾಲ್ಕು ಬಣ್ಣ ಹಿಡಿಯುತ್ತದೆ. ನೀರು ಮತ್ತು ಗಾಳಿ ಎರಡರಲ್ಲೂ ಸ್ಪಷ್ಟವಾಗಿ ನೋಡುವ ಕ್ಯಾಮೆರಾ 2022ರಲ್ಲಿ ಬಂತು. ಅದಕ್ಕೆ ಮಾದರಿ ಫಿಡ್ಲರ್ ಏಡಿಯ ಕಣ್ಣು. ನೀರಂಚಿನ ಹಕ್ಕಿಗಳು ಹುಡುಕಿ ತಿನ್ನುವ ಏಡಿ ಅದು! ನಿಮ್ಮ ತೊಟ್ಟಿಗೆ ಇವೆರಡೂ ಬೇಕಾಗಿಲ್ಲ.

ಈ ವಿಷಯಕ್ಕೆ ಇನ್ನೊಂದು ಮುಖ ಇದೆ. ಹಕ್ಕಿಯ ನೋಟದಿಂದ ನಾವು ಪಡೆಯುವುದಷ್ಟೇ ಅಲ್ಲ, ಅದನ್ನು ಅರ್ಥ ಮಾಡಿಕೊಂಡು ಹಕ್ಕಿಗೆ ವಾಪಸ್ ಕೊಡುವುದೂ ಸಾಧ್ಯ. ನನಗೆ ಎಲ್ಲಕ್ಕಿಂತ ಹತ್ತಿರವಾದ ಭಾಗ ಇದು. ಕ್ರೇನ್, ಬಸ್ಟರ್ಡ್‌ನಂಥ ದೊಡ್ಡ ಹಕ್ಕಿಗಳು ವಿದ್ಯುತ್ ತಂತಿಗೆ ಡಿಕ್ಕಿ ಹೊಡೆದು ಸಾಯುತ್ತವೆ. ಇಷ್ಟು ಒಳ್ಳೆಯ ಕಣ್ಣಿದ್ದೂ ತಂತಿ ಯಾಕೆ ಕಾಣುವುದಿಲ್ಲ? ಗ್ರಹಾಂ ಮಾರ್ಟಿನ್ ಮತ್ತು ಜೆಸ್ಸಿಕಾ ಶಾ 2010ರಲ್ಲಿ ಉತ್ತರ ಕೊಟ್ಟರು. ಹಾರುವಾಗ ಈ ಹಕ್ಕಿಗಳು ಇಳಿಯುವ ಜಾಗ, ಜೊತೆಯ ಹಕ್ಕಿ, ಆಹಾರ ಹುಡುಕಿಕೊಂಡು ತಲೆ ಬಗ್ಗಿಸಿ ಕೆಳಗೆ ನೋಡುತ್ತವೆ. ಕೋರಿ ಬಸ್ಟರ್ಡ್ 25 ಡಿಗ್ರಿ, ನೀಲಿ ಕ್ರೇನ್ 35 ಡಿಗ್ರಿ ತಲೆ ಬಗ್ಗಿಸಿದರೆ ಸಾಕು, ತಾನು ಹಾರುತ್ತಿರುವ ದಿಕ್ಕು ಪೂರ್ತಿ ಕುರುಡು. ಬಿಳಿ ಕೊಕ್ಕರೆಗೆ ಆ ಮಿತಿ 55 ಡಿಗ್ರಿ. ತಂತಿ ಸಣ್ಣದಾಗಿದೆ ಎಂಬುದಷ್ಟೇ ಸಮಸ್ಯೆಯಲ್ಲ. ಆ ಗಳಿಗೆಯಲ್ಲಿ ಹಕ್ಕಿ ಮುಂದೆ ನೋಡುತ್ತಲೇ ಇರುವುದಿಲ್ಲ. ತಂತಿಗೆ ತೂಗುಹಾಕಿದ ಗುರುತುಗಳು ಕೆಲವು ಕಡೆ ಯಾಕೆ ಸಾಲುವುದಿಲ್ಲ ಎಂಬುದಕ್ಕೆ ಇದು ಒಂದು ಕಾರಣ.

ಅಮೆರಿಕದ ನೆಬ್ರಾಸ್ಕಾದಲ್ಲಿ ಪ್ಲಾಟ್ ನದಿಯ ಮೇಲೆ ಹಾದುಹೋಗುವ ಒಂದು ತಂತಿಮಾರ್ಗ ಸ್ಯಾಂಡ್‌ಹಿಲ್ ಕ್ರೇನ್‌ಗಳಿಗೆ ಕಂಟಕವಾಗಿತ್ತು. ಜೇಮ್ಸ್ ಡ್ವೈಯರ್ ಮತ್ತು ಜೊತೆಗಾರರು ಕಂಬಕ್ಕೆ ದೀಪ ಹಾಕಿ ತಂತಿಯ ಮೇಲೆ ನೇರಳಾತೀತಕ್ಕೆ ಹತ್ತಿರದ ಬೆಳಕು ಬೀಳುವಂತೆ ಮಾಡಿದರು. ನಮ್ಮ ಕಣ್ಣಿಗೆ ಅದು ಅಷ್ಟಾಗಿ ಕಾಣದ ಬೆಳಕು. ಡಿಕ್ಕಿಗಳು ಶೇಕಡಾ 98ರಷ್ಟು ಇಳಿದವು ಎಂದು 2019ರಲ್ಲಿ ಅವರು ಪ್ರಕಟಿಸಿದರು. ಆ ಸಂಖ್ಯೆ ಓದಿದ ದಿನ ನನಗೆ ಆದ ಖುಷಿ ಹೇಳತೀರದು. ಒಂದು ಜೀವಿಯ ನೋಟವನ್ನು ಗೌರವದಿಂದ ಅಳೆದದ್ದಕ್ಕೆ ಸಿಕ್ಕ ಫಲ ಅದು.

ಇನ್ನು ನಿಮ್ಮ ತೊಟ್ಟಿಗೆ ಬರೋಣ. ಒಂದೇ ಕ್ಯಾಮೆರಾದ ಒಂದೇ ಚಿತ್ರದಿಂದ ಆಳ ಸಿಗುವುದಿಲ್ಲ. ಎರಡು ಕ್ಯಾಮೆರಾಗಳನ್ನು ಒಂದೇ ಎತ್ತರದಲ್ಲಿ, ಅಕ್ಕಪಕ್ಕ ಇಡಿ, ಹಕ್ಕಿಯ ಎರಡು ಕಣ್ಣಿನ ಹಾಗೆ. ಒಂದರ ಮೇಲೊಂದು ಇಡಬೇಡಿ. ಪಕ್ಕಪಕ್ಕ ಇಟ್ಟಾಗ ಮೀನಿನ ಬಿಂಬ ನಿಜವಾದ ಮೀನಿನ ನೇರ ಮೇಲೆ, ಅದೇ ಲಂಬದ ಗೆರೆಯಲ್ಲಿ ಬರುತ್ತದೆ. ಆಗ ಉಳಿಯುವುದು ಆಳದ ತಪ್ಪು ಮಾತ್ರ. ಹಾಗಾಗಿ ನಿಮ್ಮ ಕೈ ಓರೆಯಾಗಿ ಇಳಿಯದಿರಲಿ. ಮೊದಲು ಬಿಂಬದ ನೆತ್ತಿಯ ಮೇಲೆ ಬಂದು ನಿಲ್ಲಲಿ, ಆಮೇಲೆ ನೇರ ಇಳಿಯಲಿ. ಬಕಕ್ಕೆ ನೀರಿನ ಮೇಲೆ ತೇಲಿ ನಿಲ್ಲುವ ಅನುಕೂಲ ಇಲ್ಲ, ನಿಮ್ಮ ಕೈಗೆ ಇದೆ. ಅದನ್ನು ಯಾಕೆ ಬಿಡಬೇಕು?

ನೋಟದ ಗೆರೆ ಲಂಬದಿಂದ 20 ಡಿಗ್ರಿಯೊಳಗೆ ಇರುವ ಹಾಗೆ ಕೈಯನ್ನು ಸರಿಸುತ್ತಾ ಬನ್ನಿ. ಅಲ್ಲಿ ಕಾಣುವ ಆಳ ನಿಜದ ಆಳದ 0.73ರಿಂದ 0.75 ಪಾಲಿನ ಒಳಗೇ ಇರುತ್ತದೆ. ಕಂಡದ್ದನ್ನು 1.33ರಿಂದ ಗುಣಿಸಿದರೆ ಮುಗಿಯಿತು. 40 ಸೆಂಟಿಮೀಟರ್ ಆಳಕ್ಕೆ ತಪ್ಪು ಹೆಚ್ಚೆಂದರೆ 1 ಸೆಂಟಿಮೀಟರ್ ಆಸುಪಾಸು. ಆಹಾರ ಬಿಡಲು ಇದು ಧಾರಾಳ. ನಿಮ್ಮದೇ ಎರಗುವ ಮುಂಚಿನ ಬಿಂದು ಇದು. ಅಲ್ಲಿಗೆ ಬರುವ ತನಕ ಆಳವನ್ನು ನಂಬಬೇಡಿ, ದಿಕ್ಕನ್ನು ಮಾತ್ರ ನಂಬಿ. ನೀರು ಅಲೆಯಾಡುತ್ತಿದ್ದರೆ ಒಂದು ಚಿತ್ರದ ಮೇಲೆ ತೀರ್ಮಾನ ಬೇಡ, ಹತ್ತಿಪ್ಪತ್ತು ಚಿತ್ರಗಳ ಸರಾಸರಿ ತೆಗೆದುಕೊಳ್ಳಿ.

ಶುರುವಿನಲ್ಲೇ ಮೀನು ಬಿಡಬೇಡಿ. ಒಂದು ನಾಣ್ಯವನ್ನು ದಾರಕ್ಕೆ ಕಟ್ಟಿ, ದಾರದ ಮೇಲೆ ಅಳತೆಯ ಗುರುತು ಹಾಕಿ, 10, 20, 30, 40 ಸೆಂಟಿಮೀಟರ್ ಆಳಕ್ಕೆ ಇಳಿಸಿ ಒಂದೊಂದು ಸಲವೂ ನಿಮ್ಮ ಯಂತ್ರ ಎಷ್ಟು ಹೇಳುತ್ತದೆ ಎಂದು ಬರೆದಿಡಿ. ತೊಟ್ಟಿಯ ನಡುವೆ ಮಾತ್ರ ಮಾಡಿದರೆ ಸಾಲದು. ನಾಲ್ಕೂ ಮೂಲೆಗಳಲ್ಲಿ, ಕೈಯನ್ನು ನಡುವೆಯೇ ನಿಲ್ಲಿಸಿ ಒಂದು ಸಲ, ನಾಣ್ಯದ ಮೇಲಕ್ಕೆ ತಂದು ಇನ್ನೊಂದು ಸಲ ಅಳೆಯಿರಿ. ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆದು ನನಗೆ ಕಳಿಸಿ, ಮುಂದಿನದನ್ನು ಅದನ್ನು ನೋಡಿಕೊಂಡು ಹೇಳುತ್ತೇನೆ.